ಹೊರಬಾಗಿಲ ಮೇಲಿನ ಮಾತು

ನಾಟಕಶಾಲೆಯ ಬಾಗಿಲ ಮೇಲೆ ‘ಎಕ್ಸಿಟ್’ ಎಂಬ ಇಂಗ್ಲಿಷ್ ಮಾತನ್ನು ನಾವೆಲ್ಲರೂ ಕಂಡಿದ್ದೇವೆ. ಹೊರಗೆ ಹೋಗುವ ದಾರಿ ಎಂದು ತಿಳಿದು ನಡೆಯುತ್ತೇವೆಯೇ ಹೊರತು, ಅದು ಮೂಲದಲ್ಲಿ ಬಾಗಿಲಿನ ಹೆಸರಲ್ಲ, ಒಂದು ಪೂರ್ಣವಾಕ್ಯ ಎಂಬುದನ್ನು ನೆನೆಯುವುದಿಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಎಕ್ಸ್’ ಎಂದರೆ ಹೊರಗೆ. ‘ಇತ್’ ಎಂದರೆ ಹೋಗುತ್ತಾನೆ. ಎರಡೂ ಕೂಡಿ ‘ಅವನು ಹೊರಗೆ ಹೋಗುತ್ತಾನೆ’ ಎಂದಾಯಿತು. ಈ ‘ಇತ್’ ನಮಗೆ ತೀರ ಪರಕೀಯವಲ್ಲ; ಸಂಸ್ಕೃತದ ‘ಏತಿ’ ಎಂಬ ಕ್ರಿಯಾಪದ ಅದರ ಒಡಹುಟ್ಟು. ಇದೇ ಧಾತುವಿನಿಂದ ಬಂದ ‘ಎಕ್ಸಿತುಸ್’ ಎಂಬ ನಾಮಪದಕ್ಕೆ ರೋಮನರಲ್ಲಿ ನಿರ್ಗಮನವೆಂಬ ಅರ್ಥದೊಡನೆ ಮರಣವೆಂಬ ಅರ್ಥವೂ ಇದ್ದಿತು.

16ನೆಯ ಶತಮಾನದ ಇಂಗ್ಲಿಷ್ ನಾಟಕಕಾರರು ಈ ಮಾತನ್ನು ರಂಗಸೂಚನೆಯಾಗಿ ಬಳಸಿದರು. ಒಬ್ಬನು ಹೋದರೆ ‘ಎಕ್ಸಿಟ್’. ಹಲವರು ಹೋದರೆ ‘ಎಕ್ಸಿಯಂಟ್’. 1623ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ನಾಟಕಸಂಪುಟದಲ್ಲಿ ಇವು ಹೇರಳವಾಗಿವೆ. ಸಂಸ್ಕೃತ ನಾಟಕಗಳಲ್ಲಿ ಅಂಕದ ಕೊನೆಗೆ ‘ನಿಷ್ಕ್ರಾಂತಾಃ ಸರ್ವೇ’ ಎಂದು ಬರೆಯುವುದೂ ಇದೇ ಕಾರ್ಯಕ್ಕಾಗಿ. ನಟನ ನಿರ್ಗಮನವನ್ನು ಹೇಳುತ್ತಿದ್ದ ಮಾತು ಬರಬರುತ್ತ ಯಾರು ಬೇಕಾದರೂ ಹೊರಡುವ ದಾರಿಗೆ ಹೆಸರಾಯಿತು.

ಇದೇ ಅರ್ಥದ ಇನ್ನೊಂದು ಮಾತು ‘ಈಗ್ರೆಸ್’. ಹೊರಗೆ ಹೆಜ್ಜೆಯಿಡುವುದು ಎಂಬುದು ಅದರ ಲ್ಯಾಟಿನ್ ಮೂಲಾರ್ಥ. ನಮ್ಮ ‘ನಿಷ್ಕ್ರಮಣ’ವೂ ಅದೇ ರೀತಿಯಲ್ಲಿ ರಚಿತವಾದದ್ದು. ಆದರೆ ಇದು ಪಂಡಿತರ ಮಾತಾಗಿಯೇ ಉಳಿಯಿತು. ನ್ಯೂಯಾರ್ಕಿನಲ್ಲಿ ಬಾರ್ನಮ್ ಎಂಬಾತನು 1841ರಲ್ಲಿ ಒಂದು ವಸ್ತುಪ್ರದರ್ಶನಶಾಲೆಯನ್ನು ಕೊಂಡು ನಡೆಸಿದನು. ಒಳಹೊಕ್ಕ ಜನ ಬೇಗನೆ ಹೊರಡದಿರಲು, ‘ಈಗ್ರೆಸ್ಸಿಗೆ ದಾರಿ’ ಎಂದು ಫಲಕ ಬರೆಯಿಸಿದನಂತೆ. ಅದಾವುದೋ ವಿಚಿತ್ರ ಪ್ರಾಣಿಯಿರಬೇಕೆಂದು ಆಸೆಯಿಂದ ನುಗ್ಗಿದವರು ಬೀದಿಯಲ್ಲಿ ನಿಂತಿದ್ದರು! ಈ ಕಥೆಯನ್ನು ಬಾರ್ನಮ್ಮನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಇದು ನಗುವಿನ ಸಂಗತಿ. ಆದರೆ ಬಾಗಿಲಿನ ಗುರುತು ತಿಳಿಯದೆ ಹೋಗುವುದು ಎಲ್ಲ ಕಾಲಕ್ಕೂ ನಗುವಿನ ಸಂಗತಿಯಲ್ಲ. 1903ನೆಯ ಡಿಸೆಂಬರ್ 30ರಂದು ಷಿಕಾಗೋ ನಗರದ ಇರೊಕ್ವಾ ನಾಟಕಶಾಲೆಯಲ್ಲಿ ಹಗಲಾಟದ ವೇಳೆ ಬೆಂಕಿ ಹತ್ತಿತು. ಬೆಂಕಿಗೆ ಅಂಜಬೇಕಾಗಿಲ್ಲದ ಕಟ್ಟಡವೆಂದು ಅದು ಪ್ರಚಾರ ಪಡೆದಿದ್ದಿತು. ಹೊರಬಾಗಿಲುಗಳೇನೋ ಇದ್ದುವು, ಆದರೆ ಹಲವು ಬಾಗಿಲುಗಳನ್ನು ಪರದೆಗಳು ಮರೆಮಾಡಿದ್ದುವು, ಗುರುತಿನ ಫಲಕಗಳಿರಲಿಲ್ಲ, ಕೆಲವು ಬಾಗಿಲುಗಳ ಅಗುಳಿಯನ್ನು ತೆಗೆಯುವ ಬಗೆ ಜನಕ್ಕೆ ತಿಳಿಯಲಿಲ್ಲ. 600ಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಹೆಂಗಸರೂ ಮಕ್ಕಳೂ ಬಹಳ. ಲ್ಯಾಟಿನ್ ಮಾತಿನ ಎರಡು ಅರ್ಥಗಳೂ ಅಂದು ಒಂದೇ ಬಾಗಿಲ ಬಳಿ ನಿಂತಿದ್ದುವು.

ಇಂತಹ ದುರಂತಗಳು ಕಲಿಸಿದ ಪಾಠದಿಂದ ಅಮೆರಿಕದ ಅಗ್ನಿರಕ್ಷಣಾ ಸಂಘವು 1927ರಲ್ಲಿ ಕಟ್ಟಡಗಳ ಹೊರದಾರಿಗಳಿಗೆಂದೇ ಒಂದು ನಿಯಮಾವಳಿಯನ್ನು ಪ್ರಕಟಿಸಿತು. ‘ಈಗ್ರೆಸ್’ ಎಂಬ ಮಾತು ಇಂದಿಗೂ ನಿಯಮಗ್ರಂಥಗಳಲ್ಲಿ ಬಾಳುತ್ತಿದೆ. ಬಾಗಿಲ ಮೇಲೆ ಬರೆಯುವಾಗ ಮಾತ್ರ ಜನ ಬಲ್ಲ ‘ಎಕ್ಸಿಟ್’ ಬೇಕಾಯಿತು. ಮಾತಿನ ಕುಲವನ್ನು ಅರಿಯುವುದು ವಿದ್ವಾಂಸರಿಗೆ ಸಂತೋಷ. ಆದರೆ ಬಾಗಿಲ ಮೇಲಿನ ಮಾತು ಹೊಗೆಯಲ್ಲಿ ತಡಕಾಡುವ ಮಗುವಿಗೂ ತಿಳಿಯುವಂತಿರಬೇಕು. ನಮ್ಮ ಸಭಾಭವನಗಳಲ್ಲಿ ಅದು ಕನ್ನಡದಲ್ಲಿಯೂ ಇರಬೇಕೆಂದು ನಾವು ಬಯಸುವುದು ಬರಿಯ ಅಭಿಮಾನದಿಂದಲ್ಲ.