ಎಂ-ಷಾಸಿ ಮಿನಿ ಕಾರಿನ ಮೋಟಾರು: ಹೊರೆಯಿಲ್ಲದ ವೇಗವನ್ನು ಎಷ್ಟು ನಂಬಬಹುದು?

ರೇಡಿಯೋ ನಿಯಂತ್ರಿತ ಮಿನಿ ಕಾರುಗಳ ಕ್ಲಬ್ ರೇಸಿಂಗ್‌ನಲ್ಲಿ ಒಂದು ವಾಡಿಕೆ ಗಟ್ಟಿಯಾಗಿ ಬೇರೂರಿದೆ. ನಿಯಮದ ಪ್ರಕಾರ ಎಲ್ಲರಿಗೂ ಒಂದೇ ಮಾದರಿಯ ಮೋಟಾರು. ಆದರೆ ಒಂದೇ ಕಾರ್ಖಾನೆಯಿಂದ ಹೊರಬಂದ ಎರಡು ಮೋಟಾರುಗಳೂ ತದ್ರೂಪವಾಗಿರುವುದಿಲ್ಲ. ಹೀಗಾಗಿ ಸ್ಪರ್ಧಿಗಳು ನಾಲ್ಕಾರು ಕೊಂಡು, ಒಂದೊಂದನ್ನೂ ಬ್ಯಾಟರಿಗೆ ಜೋಡಿಸಿ ತಿರುಗಿಸಿ, ಹೆಚ್ಚು ಆರ್‌ಪಿಎಂ ತೋರಿಸಿದ್ದನ್ನು ಕಾರಿಗೆ ಹಾಕುತ್ತಾರೆ. ಈ ಅಳತೆ ಒಂದು ಸುಳಿವು ಕೊಡುತ್ತದೆ, ನಿಜ. ಆದರೆ ಆ ಒಂದೇ ಅಂಕಿಯನ್ನು ನೆಚ್ಚಿದರೆ ಪೆಟ್ಟಿಗೆಯಲ್ಲಿರುವ ದುರ್ಬಲ ಮೋಟಾರೇ ಆಯ್ಕೆಯಾಗಿಬಿಡಬಹುದು ಎಂಬುದು ಈ ಟಿಪ್ಪಣಿಯ ವಾದ. ಚರ್ಚೆಗೆ ಆಧಾರವಾಗಿ ಟಾಮಿಯಾ ಕಂಪನಿಯ ಎಂ-ಷಾಸಿ ಕಾರುಗಳನ್ನು ತೆಗೆದುಕೊಂಡಿದ್ದೇನೆ.

ಜಪಾನಿನ ಶಿಜುವೋಕದ ಟಾಮಿಯಾ 1976ರಲ್ಲಿ ಪೋರ್ಷೆ 934ರ ಮಾದರಿಯೊಂದಿಗೆ ರೇಡಿಯೋ ನಿಯಂತ್ರಿತ ಕಾರುಗಳಿಗೆ ಕೈಹಾಕಿತು. ಎಂ-ಷಾಸಿ ಬಂದದ್ದು 1994ರಲ್ಲಿ, ಮಿನಿ ಕೂಪರ್‌ನ ಹೊದಿಕೆ ಹೊತ್ತು. ಅಲೆಕ್ ಇಸಿಗೋನಿಸ್ ವಿನ್ಯಾಸಗೊಳಿಸಿ 1959ರಲ್ಲಿ ರಸ್ತೆಗಿಳಿದ ಮೂಲ ಮಿನಿಯಂತೆಯೇ ಈ ಆಟಿಕೆಗೂ ಮುಂದಿನ ಗಾಲಿಗಳಿಂದಲೇ ಚಾಲನೆ. 2009ರ ಎಂ-05 ಅದೇ ಸಾಲಿನದು. ಎಂ-06ರಲ್ಲಿ ಮೋಟಾರೂ ಚಾಲನೆಯೂ ಹಿಂದಿವೆ. ಎಂ-05ರ ಗಾಲಿ ಅಂತರವನ್ನು 210, 225 ಅಥವಾ 239 ಮಿಲಿಮೀಟರಿಗೆ ಹೊಂದಿಸಿಕೊಳ್ಳಬಹುದು. ಕಾರು ಗಿಡ್ಡ, ತೂಕವೆಲ್ಲ ಮುಂದಕ್ಕೆ. ಈ ಎರಡು ಗುಣಗಳನ್ನು ಮರೆತು ಮೋಟಾರಿನ ಮಾತಾಡುವಂತಿಲ್ಲ.

ಕ್ಲಬ್ಬುಗಳಲ್ಲಿ ಬಹುಕಾಲ ಬಳಕೆಯಲ್ಲಿರುವುದು 540 ಗಾತ್ರದ ಬೆಳ್ಳಿ ಬಣ್ಣದ ಡಬ್ಬಿ ಮೋಟಾರು. ಇದನ್ನು ಬಿಚ್ಚಲು ಬಾರದು, ಬ್ರಷ್ ಬದಲಿಸಲಾಗದು. ಕ್ಲಬ್ಬುಗಳು ಇದನ್ನು ಮೆಚ್ಚಿರುವುದಕ್ಕೆ ಕಾರಣವೂ ಅದೇ: ಬೆಲೆ ಕಡಿಮೆ, ಒಳಗೆ ಕೈಯಾಡಿಸಲು ಅವಕಾಶವಿಲ್ಲ. ಉಳಿದಿರುವ ಒಂದೇ ದಾರಿ ಆಯ್ಕೆ. ಹಾಗಾಗಿ ಆಯ್ಕೆಯ ಕ್ರಮ ಸರಿಯಾಗಿರಬೇಕು.

ಇಂಥ ಮೋಟಾರಿನ ತರ್ಕ ಸರಳ. ಆರ್ಮೇಚರ್ ತಿರುಗುವಾಗ ಅದರಲ್ಲೇ ಹುಟ್ಟುವ ವಿರುದ್ಧ ವೋಲ್ಟೇಜು ಬ್ಯಾಟರಿಯ ವೋಲ್ಟೇಜನ್ನು ಹೆಚ್ಚುಕಡಿಮೆ ಸರಿಗಟ್ಟುವವರೆಗೂ ವೇಗ ಏರುತ್ತದೆ. ಅಯಸ್ಕಾಂತ ದುರ್ಬಲವಾಗಿದ್ದರೆ ಅಷ್ಟೇ ವಿರುದ್ಧ ವೋಲ್ಟೇಜು ಹುಟ್ಟಿಸಲು ಇನ್ನೂ ಜೋರಾಗಿ ತಿರುಗಬೇಕು. ಎಂದರೆ, ಹೊರೆಯಿಲ್ಲದಿದ್ದಾಗ ದುರ್ಬಲ ಅಯಸ್ಕಾಂತದ ಮೋಟಾರಿಗೇ ಹೆಚ್ಚು ಆರ್‌ಪಿಎಂ. ಅದೇ ಮೋಟಾರು ಪ್ರತಿ ಆಂಪಿಯರಿಗೆ ಕೊಡುವ ಟಾರ್ಕ್ ಮಾತ್ರ ಕಡಿಮೆ. ತಿರುವಿನಿಂದ ಹೊರಬರುವಾಗ ಕಾರಿಗೆ ಬೇಕಾದದ್ದು ಟಾರ್ಕ್.

ಇಲ್ಲಿ ಒಂದು ಆಕ್ಷೇಪ ಏಳಬಹುದು, ಅದು ನ್ಯಾಯವಾದದ್ದೇ. ಮೋಟಾರಿನ ಗರಿಷ್ಠ ಶಕ್ತಿಯನ್ನು ಮುಖ್ಯವಾಗಿ ನಿರ್ಧರಿಸುವುದು ವೋಲ್ಟೇಜು ಮತ್ತು ತಂತಿಯ ರೋಧ. ಅಯಸ್ಕಾಂತ ದುರ್ಬಲವಾದರೆ ಗೇರ್ ಬದಲಿಸಿ ಕಳೆದ ಟಾರ್ಕನ್ನು ಮರಳಿ ಪಡೆಯಬಹುದಲ್ಲ? ಪಡೆಯಬಹುದು, ಷಾಸಿ ಒಪ್ಪಿದರೆ. ಎಂ-05ರಲ್ಲಿ 20 ಹಲ್ಲಿನ ಪಿನಿಯನ್‌ನೊಂದಿಗೆ ಗೇರ್ ಅನುಪಾತ ಸುಮಾರು 5.8:1, ಅದನ್ನು ಬದಲಿಸಲು ಇರುವ ಜಾಗ ತೀರಾ ಕಿರಿದು. ಆದ್ದರಿಂದ ಇದು ಒಳ್ಳೆಯ ಮೋಟಾರು, ಅದು ಕೆಟ್ಟದ್ದು ಎಂಬ ತೀರ್ಪನ್ನು ಷಾಸಿಯ ಗೇರಿನಿಂದ ಬೇರ್ಪಡಿಸಿ ಕೊಡಲಾಗದು.

ಬಿಸಿಯ ಲೆಕ್ಕ ಇದಕ್ಕಿಂತ ಕಟುವಾಗಿದೆ. ಫೆರೈಟ್ ಅಯಸ್ಕಾಂತ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.2ರಷ್ಟು ಬಲ ಕಳೆದುಕೊಳ್ಳುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.39ರಷ್ಟು ಏರುತ್ತದೆ. ಮೋಟಾರು 40 ಡಿಗ್ರಿ ಬಿಸಿಯೇರಿತೆನ್ನಿ: ಅಯಸ್ಕಾಂತದ ಬಲ ಶೇ. 8ರಷ್ಟು ಇಳಿಯಿತು, ರೋಧ ಶೇ. 16ರಷ್ಟು ಏರಿತು. ಎರಡೂ ಸೇರಿದರೆ ನಿಂತಲ್ಲಿಂದ ಎಳೆಯುವ ಟಾರ್ಕ್ ಸುಮಾರು ಐದನೇ ಒಂದು ಪಾಲು ಕುಸಿದಂತೆ. ತಣ್ಣಗಿರುವಾಗ ಅರ್ಧ ನಿಮಿಷ ಅಳೆದ ಆರ್‌ಪಿಎಂ ಐದು ನಿಮಿಷದ ರೇಸಿನ ಕೊನೆಯ ಲ್ಯಾಪುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ಮೊದಲ ಹೆಜ್ಜೆ, ಸ್ಥಿರ ವೋಲ್ಟೇಜಿನಲ್ಲಿ ಆರ್‌ಪಿಎಂ ಜೊತೆಗೆ ಕರೆಂಟನ್ನೂ ಬರೆದುಕೊಳ್ಳುವುದು. ವೇಗ ಹೆಚ್ಚು, ಕರೆಂಟು ಕಡಿಮೆ ಎಂದಾದರೆ ಒಳಗಿನ ತಿಕ್ಕಾಟ ಕಡಿಮೆ. ಅದು ನಿಜವಾದ ಲಾಭ. ವೇಗವೂ ಹೆಚ್ಚು, ಕರೆಂಟೂ ಹೆಚ್ಚು ಎಂದಾದರೆ ಅಯಸ್ಕಾಂತ ಸೋತಿರಬೇಕು, ಇಲ್ಲವೇ ಬ್ರಷ್‌ಗಳು ತಟಸ್ಥ ಸ್ಥಾನದಿಂದ ಸರಿದಿರಬೇಕು. ಎರಡನೆಯದನ್ನು ಪತ್ತೆಹಚ್ಚಲು ಮೋಟಾರನ್ನು ಎರಡೂ ದಿಕ್ಕಿಗೆ ತಿರುಗಿಸಿ ನೋಡಿದರೆ ಸಾಕು. ಬ್ರಷ್ ಸರಿದಿದ್ದರೆ ಒಂದು ದಿಕ್ಕಿನಲ್ಲಿ ವೇಗ ಹೆಚ್ಚಿರುತ್ತದೆ. ನಿಮ್ಮ ಷಾಸಿಗೆ ಬೇಕಾದ ದಿಕ್ಕು ಯಾವುದು ಎಂದು ಮೊದಲೇ ತಿಳಿದಿರಬೇಕು; ತಪ್ಪು ದಿಕ್ಕಿಗೆ ಓಡಿಸಿದರೆ ಕಿಡಿ, ಬಿಸಿ, ಸವೆತ ಮೂರೂ ಜಾಸ್ತಿ.

ಇನ್ನೊಂದು ಹೆಜ್ಜೆಯನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ: ಹೊರೆ ಕೊಟ್ಟು ಅಳೆಯುವುದು. ದುಬಾರಿ ಯಂತ್ರ ಬೇಡ. 540 ಮೋಟಾರಿನ ಶಾಫ್ಟ್ 3.17 ಮಿಲಿಮೀಟರ್ ದಪ್ಪ. ಅಂಥ ಎರಡು ಮೋಟಾರುಗಳ ಶಾಫ್ಟ್‌ಗಳನ್ನು ಬಿಗಿಯಾದ ರಬ್ಬರ್ ನಳಿಕೆಯಿಂದ ಜೋಡಿಸಿ, ಎರಡನೆಯದರ ತಂತಿಗಳ ನಡುವೆ ಒಂದು ರೆಸಿಸ್ಟರ್ ಹಾಕಿದರೆ ಅದು ಜನರೇಟರಾಗಿ ಮೊದಲನೆಯದಕ್ಕೆ ಹೊರೆಯಾಗುತ್ತದೆ. ಹೊರೆಯ ಮೋಟಾರನ್ನು ಬದಲಿಸದೆ ಇಟ್ಟು, ಪರೀಕ್ಷೆಯ ಮೋಟಾರುಗಳನ್ನು ಒಂದೊಂದಾಗಿ ಹಾಕಿ, ರೆಸಿಸ್ಟರಿನ ಮೇಲೆ ಸಿಗುವ ವೋಲ್ಟೇಜನ್ನು ಹೋಲಿಸಬೇಕು. ಪ್ರತಿ ಸಲ ಹೊರೆಯ ಮೋಟಾರೂ ಒಂದೇ ಬಿಸಿಯಲ್ಲಿರಲಿ. ಪರೀಕ್ಷೆಗೆ ಮುಂಚೆ ಹೊಸ ಮೋಟಾರನ್ನು 2–3 ವೋಲ್ಟಿನಲ್ಲಿ, ಹೊರೆಯಿಲ್ಲದೆ, ಬ್ರಷ್‌ನ ಮುಖ ಕಮ್ಯುಟೇಟರಿನ ದುಂಡಿಗೆ ಹೊಂದಿಕೊಳ್ಳುವವರೆಗೂ ಓಡಿಸಿರಬೇಕು. ಈ ಪಳಗಿಸುವಿಕೆ ಮುಗಿಯುವ ಮೊದಲು ಮಾಡಿದ ಹೋಲಿಕೆಗೆ ಅರ್ಥವಿಲ್ಲ.

ಗೇರ್ ಬದಲಿಸಲಾಗದ ಕಡೆ ಟೈರೇ ಗೇರಿನ ಕೆಲಸ ಮಾಡುತ್ತದೆ. 60 ಮಿಲಿಮೀಟರ್ ವ್ಯಾಸದ ಟೈರಿನ ಸುತ್ತಳತೆ ಸುಮಾರು 188 ಮಿಲಿಮೀಟರ್, ಅದನ್ನು 5.8ರಿಂದ ಭಾಗಿಸಿದರೆ ಮೋಟಾರು ಒಮ್ಮೆ ತಿರುಗಿದಾಗ ಕಾರು ಸಾಗುವ ದೂರ 32.5 ಮಿಲಿಮೀಟರ್. 55 ಮಿಲಿಮೀಟರ್ ಟೈರಿಗೆ ಅದು 29.8. ಸಾಕಷ್ಟು ದೊಡ್ಡ ಈ ವ್ಯತ್ಯಾಸವನ್ನು ಅನೇಕರು ಬರೀ ಹಿಡಿತದ ಪ್ರಶ್ನೆಯೆಂದು ನೋಡಿ ಮುಂದೆ ಹೋಗುತ್ತಾರೆ. ವೇಗದ ಅಂಕಿ ಹೆಚ್ಚಿದ್ದು ಟಾರ್ಕ್ ಸಾಲದ ಮೋಟಾರಿಗೆ, ನಿಯಮ ಒಪ್ಪಿದರೆ, ಚಿಕ್ಕ ಟೈರು ಆಸರೆಯಾಗಬಲ್ಲದು.

ಉಳಿದ ಹೊಂದಾಣಿಕೆಗಳ ಪೈಕಿ ಮೊದಲ ಗಮನ ಡಿಫರೆನ್ಷಿಯಲ್‌ಗೆ ಸಲ್ಲಬೇಕು. ತಿರುವಿನಲ್ಲಿ ತೂಕ ಹೊರಬದಿಗೆ ವಾಲಿದಾಗ ಮುಂದಿನ ಒಳಗಾಲಿ ಹಗುರಾಗಿ ಸುಮ್ಮನೆ ತಿರುಗುತ್ತದೆ. ಮೋಟಾರಿನ ಬಲವೆಲ್ಲ ಅಲ್ಲಿ ಸೋರಿಹೋಗುತ್ತದೆ. ಗೇರ್ ಡಿಫರೆನ್ಷಿಯಲ್‌ಗೆ ದಪ್ಪ ಗ್ರೀಸ್ ತುಂಬಿ ಬಿಗಿಗೊಳಿಸುವುದು ಇದಕ್ಕೇ. ಅತಿಯಾಗಿ ಬಿಗಿದರೆ ಕಾರು ತಿರುವಿಗೇ ಒಗ್ಗದು. ಬ್ರೇಕೂ ಮುಂದಿನ ಗಾಲಿಗಳಿಗೆ ಮಾತ್ರ ಇರುವುದರಿಂದ ತಿರುವಿನ ನಡುವೆ ಥ್ರಾಟಲ್ ಬಿಟ್ಟರೆ ಹಿಂಬದಿ ಜಾರುತ್ತದೆ. ಹಿಂದೆ ಹೆಚ್ಚು ಹಿಡಿತದ ಟೈರು, ಮೆದು ಸ್ಪ್ರಿಂಗ್ ಅದನ್ನು ತಣಿಸುತ್ತವೆ. ಕಾರ್ಪೆಟ್ ಹಾಸಿನ ಮೇಲೆ ತೊಂದರೆ ತಿರುಗುಮುರುಗು: ಹಿಡಿತ ಮಿತಿಮೀರಿ ಕಾರು ಮಗುಚುತ್ತದೆ. ಆಗ ಮುಂದಿನ ಟೈರಿನ ಹೊರ ಅಂಚಿಗೆ ಅಂಟು ಸವರಿ ಗಡುಸಾಗಿಸುವುದು ಒಳ್ಳೆಯ ಪರಿಹಾರ. ಕಿಟ್‌ನಲ್ಲಿ ಪ್ಲಾಸ್ಟಿಕ್ ಬುಷ್‌ಗಳಿದ್ದರೆ ಅವುಗಳ ಜಾಗಕ್ಕೆ ಬಾಲ್ ಬೇರಿಂಗ್ ಹಾಕುವುದನ್ನು ಮೋಟಾರು ಹುಡುಕುವ ಮೊದಲೇ ಮುಗಿಸಿರಬೇಕು.

ಲೆಕ್ಕಕ್ಕೆಂದು 14 ಸೆಕೆಂಡಿನ ಲ್ಯಾಪ್ ಇಟ್ಟುಕೊಳ್ಳೋಣ. ಅದರಲ್ಲಿ ಪೂರ್ಣ ವೇಗದ ನೇರ ಓಟ 3 ಸೆಕೆಂಡ್. ಶೇ. 5ರಷ್ಟು ವೇಗದ ಮೋಟಾರು ಅಲ್ಲಿ ಉಳಿಸುವುದು ಹೆಚ್ಚೆಂದರೆ 0.14 ಸೆಕೆಂಡ್. ಉಳಿದ 11 ಸೆಕೆಂಡುಗಳಲ್ಲಿ ಹೊಂದಾಣಿಕೆಯಿಂದ ಬರೀ ಶೇ. 2ರಷ್ಟು ವೇಗ ಗಳಿಸಿದರೆ ಉಳಿತಾಯ 0.22 ಸೆಕೆಂಡ್. ನೇರ ಓಟ ಉದ್ದವಿರುವ ಟ್ರ್ಯಾಕುಗಳಲ್ಲಿ ಈ ಅನುಪಾತ ಮೋಟಾರಿನ ಕಡೆಗೆ ವಾಲುತ್ತದೆ. ಆದ್ದರಿಂದ ತನ್ನ ಕ್ಲಬ್ಬಿನ ಟ್ರ್ಯಾಕಿನಲ್ಲಿ ಪೂರ್ಣ ಥ್ರಾಟಲ್ ಎಷ್ಟು ಹೊತ್ತು ಸಿಗುತ್ತದೆ ಎಂಬುದನ್ನು ಸ್ಪರ್ಧಿ ಮೊದಲು ಗಡಿಯಾರ ಹಿಡಿದು ನೋಡಬೇಕು. ಕ್ಲಬ್ಬುಗಳ ಪಾಲಿಗೂ ಇದರಲ್ಲಿ ಒಂದು ಸೂಚನೆಯಿದೆ. ಮೋಟಾರುಗಳನ್ನು ಕ್ಲಬ್ಬೇ ಕೊಂಡು, ಹೊರೆಯಲ್ಲಿ ಅಳೆದು, ಹತ್ತಿರದವುಗಳನ್ನು ಮಾತ್ರ ಉಳಿಸಿ, ರೇಸಿನ ಬೆಳಿಗ್ಗೆ ಚೀಟಿ ಎತ್ತಿ ಹಂಚಿದರೆ, ಹತ್ತು ಮೋಟಾರು ಕೊಳ್ಳಬಲ್ಲವರಿಗೂ ಒಂದೇ ಕೊಳ್ಳಬಲ್ಲ ಹುಡುಗನಿಗೂ ನಡುವಿನ ಅಂತರ ಬಹುಪಾಲು ಅಳಿಯುತ್ತದೆ.