ಅಂಕಿಯೊಳಗಿನ ಅಕ್ಷರ

ನಮ್ಮ ನಿಂಬರ್ಗಾ ಸೀಮೆಯ ದನದ ಸಂತೆಗಳಲ್ಲಿ ಹಿಂದೆ ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದಲಾಲನೂ ಕೊಳ್ಳುವವನೂ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದರು. ಸುತ್ತ ನಿಂತವರಿಗೆ ಬಟ್ಟೆ ಅಲುಗುವುದು ಮಾತ್ರ ಕಾಣುತ್ತಿತ್ತು. ಎಲ್ಲರ ಕಣ್ಣೆದುರಿಗಿದ್ದೂ ಬಲ್ಲವರಿಗಷ್ಟೇ ತಿಳಿಯುವ ಇಂಥ ಸಂಕೇತ ಬರವಣಿಗೆಯಲ್ಲಿಯೂ ಉಂಟು. ಅದೇ ಗೂಢಲಿಪಿ.

ಭಾರತಕ್ಕೆ ಇದು ಹೊಸದಲ್ಲ. ವಾತ್ಸ್ಯಾಯನನು ಎಣಿಸಿದ 64 ಕಲೆಗಳಲ್ಲಿ ‘ಮ್ಲೇಚ್ಛಿತವಿಕಲ್ಪ’ವೂ ಒಂದು. ಅದನ್ನು ವಿವರಿಸುವ ಯಶೋಧರನ ‘ಜಯಮಂಗಲಾ’ ವ್ಯಾಖ್ಯಾನದಲ್ಲಿ ಮೂಲದೇವೀಯವೆಂಬ ಕ್ರಮವಿದೆ: ತಕಾರಕ್ಕೆ ಪಕಾರ, ನಕಾರಕ್ಕೆ ಮಕಾರ, ಹೀಗೆ ಅಕ್ಷರಗಳು ಜೋಡಿಜೋಡಿಯಾಗಿ ಸ್ಥಾನ ಬದಲಿಸುತ್ತವೆ. ‘ಮತ’ ಎಂಬುದು ‘ನಪ’ವಾಗುತ್ತದೆ.

ಕನ್ನಡದಲ್ಲಿ ಈ ಬಗೆಯ ಬಹು ದೊಡ್ಡ ಸಾಹಸ ಕುಮುದೇಂದು ಮುನಿಯ ‘ಸಿರಿಭೂವಲಯ’. ಅದರ ಚಕ್ರಗಳಲ್ಲಿ ಅಕ್ಷರಗಳೇ ಇಲ್ಲ. 1ರಿಂದ 64ರವರೆಗಿನ ಅಂಕಿಗಳಷ್ಟೇ. ಒಂಬತ್ತು ಸ್ವರಗಳು ಹ್ರಸ್ವ, ದೀರ್ಘ, ಪ್ಲುತವಾಗಿ 27, ವ್ಯಂಜನಗಳು 33, ಯೋಗವಾಹಗಳು 4. ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 729 ಮನೆಗಳು ಸೇರಿ ಒಂದು ಚಕ್ರ. 28 ಎಂದರೆ ಕ್, 1 ಎಂದರೆ ಅ, ಕೂಡಿದರೆ ‘ಕ’. ಆದರೆ ಸಾಲು ಹಿಡಿದು ಓದಿದರೆ ಅರ್ಥ ಹುಟ್ಟದು; ‘ಬಂಧ’ವೆಂಬ ಗೊತ್ತಾದ ನಡೆಯಲ್ಲಿ ಮನೆಯಿಂದ ಮನೆಗೆ ಸಾಗಬೇಕು. ಪಂಡಿತ ಯಲ್ಲಪ್ಪ ಶಾಸ್ತ್ರಿಗಳು ಮತ್ತು ಕರ್ಲಮಂಗಲಂ ಶ್ರೀಕಂಠಯ್ಯನವರ ಪರಿಶ್ರಮದಿಂದ ಇದರ ಮೊದಲ ಭಾಗ 1953ರಲ್ಲಿ ಬೆಂಗಳೂರಿನಲ್ಲಿ ಬೆಳಕು ಕಂಡಿತು.

ಗ್ರಂಥವು ಅಮೋಘವರ್ಷನ ಕಾಲದ್ದೆಂದು ಹಲವರ ನಂಬಿಕೆ. ಆತನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ನಮ್ಮ ಕಲಬುರಗಿ ಜಿಲ್ಲೆಯಲ್ಲಿಯೇ ಇದೆ. ಹೆಮ್ಮೆಯಿಂದ ಒಪ್ಪಿಬಿಡಲು ನನಗೂ ಮನಸ್ಸಾಗುತ್ತದೆ. ಆದರೆ ಅಂಕಿಗಳಿಂದ ಹೊರಡುವ ಪದ್ಯಗಳು ಸಾಂಗತ್ಯದಲ್ಲಿವೆ. ಸಾಂಗತ್ಯ ಕಾವ್ಯಗಳು ಹೇರಳವಾಗಿ ದೊರೆಯುವುದು ಎಷ್ಟೋ ಶತಮಾನಗಳ ಅನಂತರ. ಆದ್ದರಿಂದಲೇ ಅನೇಕ ವಿದ್ವಾಂಸರು ಆ ಕಾಲನಿರ್ಣಯವನ್ನು ಒಪ್ಪಿಲ್ಲ. ಇದರೊಳಗೆ 718 ಭಾಷೆಗಳಿವೆ, ಸಕಲ ವಿಜ್ಞಾನಗಳಿವೆ ಎಂಬ ಮಾತೂ ಪ್ರಚಾರದಲ್ಲಿದೆ.

ಇಂಥ ಮಾತಿಗೆ ಒರೆಗಲ್ಲು ಒಂದೇ. ಓದುವ ನಿಯಮವನ್ನು ಎಲ್ಲರ ಕೈಗೆ ಕೊಡಬೇಕು. ಪರಸ್ಪರ ಕೇಳದ ಇಬ್ಬರು ಅದೇ ಚಕ್ರವನ್ನು ಓದಿ ಅದೇ ಪದ್ಯಕ್ಕೆ ಬರಬೇಕು. ಹಾಗೆ ಬಂದಷ್ಟು ಮಾತ್ರ ಗ್ರಂಥದ್ದು. ಉಳಿದದ್ದು ನಮ್ಮ ಅಭಿಮಾನದ್ದು. ಕನ್ನಡದ ಹಿರಿಮೆಯನ್ನು ಬಯಸುವವರೇ ಈ ಪರೀಕ್ಷೆಯನ್ನು ಮೊದಲು ಬೇಡಬೇಕು.

ವಲ್ಲಿಯ ಮರೆಯಲ್ಲಿ ಕುದುರಿದ ಬೆಲೆಯೂ ಕಡೆಗೆ ಹಣ ಎಣಿಸುವಾಗ ಬಯಲಾಗಲೇಬೇಕಷ್ಟೆ.