ಗೌನ್ ಮಾರಿದವನು ಕೊಟ್ಟ ಪುಸ್ತಕದ ಮನೆ

1/5
ಕಾಮರ್ಸ್ ಓದೋರಿಗೂ ಕಲೆಗೂ ಏನು ಸಂಬಂಧ ಅಂತ ಕೇಳ್ತೀರಲ್ಲ, ಇವತ್ತು ಒಬ್ಬ ವ್ಯಾಪಾರಿಯ ಕಥೆ ಓದಿ. ಹೆಸರು ಜಾಕ್ ದೂಸೆ. ಊರು ಪ್ಯಾರಿಸ್. ಮನೆತನದಿಂದ ಬಂದ ವ್ಯಾಪಾರ, ಶ್ರೀಮಂತ ಹೆಂಗಸರಿಗೂ ನಾಟಕದ ನಟಿಯರಿಗೂ ಗೌನ್ ಹೊಲಿಸಿಕೊಡೋದು. ಬಂದ ಲಾಭದಲ್ಲಿ 18ನೇ ಶತಮಾನದ ಚಿತ್ರ, ಶಿಲ್ಪ, ಪೀಠೋಪಕರಣ ಕೊಳ್ಳುತ್ತಿದ್ದ.

2/5
ಕೊಂಡ ಚಿತ್ರದ ಬಗ್ಗೆ ಓದಬೇಕಲ್ಲ? ಬೇಕಾದ ಪುಸ್ತಕ ಎಲ್ಲಾ ಒಂದೇ ಕಡೆ ಸಿಗುತ್ತಿರಲಿಲ್ಲ. ಸರಿ, ತಾನೇ ಕೂಡಿಸಲು ಶುರು ಮಾಡಿದ. 1909ರಲ್ಲಿ ತಾನು ವಾಸವಿದ್ದ ಸ್ಪೊಂಟಿನಿ ಬೀದಿಯಲ್ಲೇ ಸಂಶೋಧಕರಿಗೆ ಉಚಿತವಾಗಿ ಬಾಗಿಲು ತೆರೆದ. ಅಲ್ಲಿ ಬರೀ ದಪ್ಪ ಪುಸ್ತಕಗಳಲ್ಲ, ಫೋಟೋ, ಕಲಾವಿದರ ಪತ್ರ, ಹಳೇ ಹರಾಜು ಕ್ಯಾಟಲಾಗ್‌ಗಳೂ ಇದ್ದವು.

3/5
ಹರಾಜು ಕ್ಯಾಟಲಾಗ್ ಯಾಕೆ ಅಂತೀರಾ? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಚಿತ್ರದ ಲೆಡ್ಜರ್. ಯಾವ ಚಿತ್ರ, ಯಾವ ದಿನ, ಯಾರ ಸಂಗ್ರಹದಿಂದ ಮಾರಾಟಕ್ಕೆ ಬಂತು ಅನ್ನೋದು ಅದರಲ್ಲಿರುತ್ತೆ. ನಾಜಿಗಳು ಯಹೂದಿ ಮನೆಗಳಿಂದ ದೋಚಿದ ಚಿತ್ರಗಳ ನಿಜವಾದ ಮಾಲೀಕರನ್ನು ಹುಡುಕುವವರು ಇವತ್ತಿಗೂ ಇಂಥ ಕ್ಯಾಟಲಾಗ್‌ಗಳನ್ನೇ ತಿರುವಿ ಹಾಕುತ್ತಾರೆ. ರದ್ದಿಗೆ ಹಾಕಿದ್ದರೆ ಆ ಸಾಕ್ಷಿಯೂ ಹೋಗುತ್ತಿತ್ತು.

4/5
1912ರಲ್ಲಿ ದೂಸೆ ತನ್ನ 18ನೇ ಶತಮಾನದ ಕಲಾಸಂಗ್ರಹವನ್ನು ಹರಾಜು ಹಾಕಿದ. ಬಂದದ್ದು 1.3 ಕೋಟಿ ಫ್ರಾಂಕ್‌ಗೂ ಹೆಚ್ಚು. ಆದರೆ ಗ್ರಂಥಾಲಯವನ್ನು ಮಾರಲಿಲ್ಲ. ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1917ರಲ್ಲಿ, ಅದನ್ನು ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟ. ಸುಮಾರು 1 ಲಕ್ಷ ಸಂಪುಟ, ಜೊತೆಗೆ ಫೋಟೋಗಳ ದೊಡ್ಡ ರಾಶಿ!

ಕೊಟ್ಟ ಕೂಡಲೇ ಕೆಲಸ ಮುಗೀತಾ? ಇಲ್ಲ. ದಾನ ಪಡೆದವರಿಗೆ ಖರ್ಚು ಶುರುವಾಗೋದೇ ಆಗ. ಜಾಗ ಬೇಕು, ಕಪಾಟು ಬೇಕು, ಪಟ್ಟಿ ಮಾಡೋರು ಬೇಕು, ಅವರಿಗೆ ಸಂಬಳ ಬೇಕು. ಅರ್ಕೊನಾತಿ-ವಿಸ್ಕೊಂತಿ ಎಂಬ ಶ್ರೀಮಂತ ಮಹಿಳೆ ಕಲಾ ಸಂಸ್ಥೆಯ ಕಟ್ಟಡಕ್ಕೆ ಹಣ ಕೊಟ್ಟರು. 1930ರ ದಶಕದಲ್ಲಿ ಪುಸ್ತಕಗಳು ಮಿಶೆಲೆ ಬೀದಿಯ ಆ ಕೆಂಪು ಇಟ್ಟಿಗೆ ಕಟ್ಟಡಕ್ಕೆ ಬಂದವು. ಅದೂ ಸಾಲದೆ ಹೋಗಿ, 1990ರ ದಶಕದಲ್ಲಿ ಮತ್ತೆ ಜಾಗ ಬದಲಾಯ್ತು. 2016ರ ಡಿಸೆಂಬರ್‌ನಿಂದ ಓದುಗರು ಕೂರೋದು ಹಳೇ ರಾಷ್ಟ್ರೀಯ ಗ್ರಂಥಾಲಯದ ಲಾಬ್ರೂಸ್ತ್ ಸಭಾಂಗಣದಲ್ಲಿ.

5/5
ನೀವು ದೂಸೆಯಷ್ಟು ಕೊಡಬೇಕಿಲ್ಲ. ಆದರೆ ಯಾವುದಾದರೂ ಕಲಾ ಕಾಲೇಜಿನ ಗ್ರಂಥಾಲಯಕ್ಕೆ ಪುಸ್ತಕ ಕೊಡೋ ಮನಸ್ಸಿದ್ದರೆ ಮೂಟೆ ಹೊತ್ತು ಹೋಗುವ ಮುಂಚೆ ಪಟ್ಟಿ ಮಾಡಿ, ಫೋನ್ ಮಾಡಿ, "ಇದು ನಿಮ್ಮಲ್ಲಿ ಇದೆಯಾ, ಬೇಕಾ?" ಅಂತ ಕೇಳಿ. ಗೆದ್ದಲು ಹಿಡಿದದ್ದು, ಬೂಷ್ಟು ಬಂದದ್ದು ಕೊಟ್ಟರೆ ಪಕ್ಕದ ಪುಸ್ತಕವೂ ಹಾಳು. ಫೋಟೋ ಇದ್ದರೆ ಹಿಂದೆ ಪೆನ್ಸಿಲ್‌ನಲ್ಲಿ ಮೆಲ್ಲಗೆ ಊರು, ವರ್ಷ, ಹೆಸರು ಬರೆಯಿರಿ.

ನಿಮ್ಮೂರಿನ ಕಲಾ ಪ್ರದರ್ಶನದ ನಾಲ್ಕು ಪುಟದ ಬ್ರೋಷರ್, ಆಮಂತ್ರಣ ಪತ್ರ ಇದ್ದರೆ ಅದನ್ನೂ ಪಟ್ಟಿಗೆ ಸೇರಿಸಿ. ದಪ್ಪ ಪುಸ್ತಕ ಇನ್ನೊಂದು ಕಡೆ ಸಿಕ್ಕೀತು. ಆ ತೆಳ್ಳನೆ ಕಾಗದದ ಕೊನೇ ಪ್ರತಿ ನಿಮ್ಮ ಮನೆ ಅಟ್ಟದ ಮೇಲೇ ಇರಬಹುದು, ನೋಡಿ.